ಹುದುಗು ಬಾರದ ಮನೆಗಳು

ಹೋದ ತಿಂಗಳು ಸಮಿತಿಯ ಸಭೆ ಮುಗಿದ ಮೇಲೆ, ನಮ್ಮ ಹಿರಿಯ ಸದಸ್ಯರೊಬ್ಬರು ಅಮೇರಿಕದಲ್ಲಿರುವ ಮಗ ಕಳುಹಿಸಿದ ಚಿತ್ರಗಳನ್ನು ಎಲ್ಲರಿಗೂ ತೋರಿಸಿದರು. ಮಗ ಮನೆಯಲ್ಲೇ ಬಿಯರ್ ತಯಾರಿಸುತ್ತಾನಂತೆ. ಅಡಿಗೆಮನೆಯ ತುಂಬ ಉಕ್ಕಿನ ಹಂಡೆ, ಗಾಜಿನ ಬುರುಡೆ, ಉಷ್ಣಮಾಪಕ, ರಬ್ಬರಿನ ನಳಿಗೆ. ನಡುವೆ ತೋಳು ಮಡಚಿಕೊಂಡು ನಗುತ್ತ ನಿಂತ ಮಗ. ಸೇರಿದವರಲ್ಲಿ ಅರ್ಧ ಜನ “ಶಿವಶಿವಾ, ಮನೆಯೊಳಗೇ ಭಟ್ಟಿಯೇ!” ಎಂದು ಮುಖ ಕಿವಿಚಿದರು. ಉಳಿದರ್ಧ ಜನ “ಎಷ್ಟು ಶಾಸ್ತ್ರೀಯವಾಗಿ ಮಾಡುತ್ತಾನೆ ನೋಡಿ” ಎಂದು ತಲೆದೂಗಿದರು. ಅಷ್ಟರಲ್ಲಿ ತಟ್ಟೆಗಳು ಬಂದವು. ದೋಸೆ. ಹಿಟ್ಟು ಅಂಗಡಿಯ ಪೊಟ್ಟಣದ್ದೆಂದು ತಿಳಿಯಿತು. “ರುಬ್ಬುವ ಯಂತ್ರವನ್ನು ನಾವು ಎಂದೋ ಗುಜರಿಗೆ ಹಾಕಿದೆವು, ಆ ತಾಪತ್ರಯ ಯಾರಿಗೆ ಬೇಕು?” ಎಂದವರು ಬೇರಾರೂ ಅಲ್ಲ, ಚಿತ್ರ ತೋರಿಸಿದ ಆ ತಂದೆಯವರೇ!

ಮುಖ ಕಿವಿಚಿದವರೂ ತಪ್ಪು, ತಲೆದೂಗಿದವರೂ ತಪ್ಪು ಎಂಬುದು ನಮ್ಮ ವಾದ. ಮೊದಲಿನವರಿಗೆ ಹುದುಗಿನ ವಿದ್ಯೆ ಎಂದರೆ ಪಾಪ. ಎರಡನೆಯವರಿಗೆ ಅದು ಸಾಗರದಾಚೆಯ ಫ್ಯಾಷನ್ನು. ಅದು ನಮ್ಮ ಮನೆಯದೇ ವಿದ್ಯೆ, ಅದನ್ನು ನಾವೇ ಬೀದಿಗೆ ಎಸೆಯುತ್ತಿದ್ದೇವೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಮುಖ ಕಿವಿಚಿದವರಿಗೆ ಮೊದಲು ಉತ್ತರ ಹೇಳೋಣ. ಭಟ್ಟಿ ಇಳಿಸುವುದು ಬೇರೆ, ಹುದುಗಿಸುವುದು ಬೇರೆ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು, 2015ರಲ್ಲಿ ನಮ್ಮ ಮುಂಬಯಿಯ ಮಾಲವಣಿಯಲ್ಲಿ 100ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಕಾರ್ಖಾನೆಗಳಲ್ಲಿ ಬಳಸುವ ಮಿಥೈಲ್ ಆಲ್ಕೋಹಾಲು. ದುರಾಸೆಯವರು ಅದನ್ನು ಸಾರಾಯಿಯೆಂದು ಬಡವರಿಗೆ ಮಾರಿದರು. ಧಾನ್ಯವನ್ನು ಹುದುಗಿಸಿದ ಬಿಯರಿನಲ್ಲಿ ಆ ವಿಷ ಕೊಲ್ಲುವ ಪ್ರಮಾಣದಲ್ಲಿ ಹುಟ್ಟುವುದಿಲ್ಲ. ಹಾಗೆಂದು ನಾವು ಕುಡಿತದ ಪರವಾಗಿ ವಕೀಲಿ ಮಾಡುತ್ತಿಲ್ಲ. ಕುಡಿತದಿಂದ ಮುರಿದ ಸಂಸಾರಗಳನ್ನು ನಾವೂ ಕಂಡಿದ್ದೇವೆ. ಪರವಾನಗಿ ಇಲ್ಲದೆ ಇಲ್ಲಿ ಯಾರೂ ಬಿಯರ್ ತಯಾರಿಸುವಂತಿಲ್ಲ. 1949ರ ಮದ್ಯನಿಷೇಧ ಕಾಯ್ದೆ ಈ ರಾಜ್ಯದಲ್ಲಿ ಇಂದಿಗೂ ಊರ್ಜಿತದಲ್ಲಿದೆ, ಕುಡಿಯುವುದಕ್ಕೂ ಪರವಾನಗಿ ಬೇಕು. ಆದ್ದರಿಂದ ನಮ್ಮ ಸದಸ್ಯರು ಯಾರೂ ಹಂಡೆ ಕೊಳ್ಳಲು ಹೊರಡಬೇಕಾಗಿಲ್ಲ. ನಮ್ಮ ಮಾತು ಕುಡಿತದ್ದಲ್ಲ, ವಿದ್ಯೆಯದು.

ಆ ವಿದ್ಯೆ ಯಾವುದು? ಬಾರ್ಲಿಯನ್ನು ನೀರಿನಲ್ಲಿ ನೆನೆಹಾಕಿ, ಮೊಳಕೆ ಬರಿಸಿ, ಮೊಳಕೆ ಉದ್ದವಾಗುವ ಮೊದಲೇ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಇದೇ ಮಾಲ್ಟ್. ಮೊಳೆಯುವ ಕಾಳು ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳನ್ನು ಸಿದ್ಧಮಾಡಿಕೊಂಡಿರುತ್ತದೆ. ಮಾಲ್ಟನ್ನು ಒಡಕಲಾಗಿ ಬೀಸಿ ಸುಮಾರು 65 ಡಿಗ್ರಿಯ ನೀರಿನಲ್ಲಿ ಒಂದು ತಾಸು ಇಟ್ಟರೆ ಗಂಜಿಯಂತಿದ್ದದ್ದು ಸಿಹಿನೀರಾಗುತ್ತದೆ. ಶಾಖ ಎರಡು ಮೂರು ಡಿಗ್ರಿ ತಗ್ಗಿದರೆ ತೆಳುವಾದ, ಒಣ ರುಚಿಯ ಬಿಯರ್. ಅಷ್ಟೇ ಏರಿದರೆ ದಪ್ಪ, ಸಿಹಿ ಬಿಯರ್. ಇನ್ನೂ ಏರಿದರೆ ಕಿಣ್ವ ಸತ್ತು ಎಲ್ಲವೂ ಬರಿಯ ಗಂಜಿ. ಸೋಸಿದ ಸಿಹಿನೀರಿಗೆ ಹಾಪ್ಸ್ ಎಂಬ ಬಳ್ಳಿಯ ಹೂಗಳನ್ನು ಹಾಕಿ ಒಂದು ತಾಸು ಕುದಿಸುತ್ತಾರೆ. ಆ ಹೂವಿನ ಕಹಿ ಸಿಹಿಯನ್ನು ಹದಕ್ಕೆ ತರುತ್ತದೆ, ಕೆಡಿಸುವ ಸೂಕ್ಷ್ಮಾಣುಗಳನ್ನೂ ತಡೆಯುತ್ತದೆ. ಬೇಗ ಆರಿಸಿ, ಯೀಸ್ಟ್ ಬೆರೆಸಿ, 20 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ವಾರ ಮುಚ್ಚಿಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ.

ಇದರ ಲೆಕ್ಕವೂ ಇದೆ. ಹೈಡ್ರೋಮೀಟರು ಎಂಬ ತೇಲುಗೋಲನ್ನು ಸಿಹಿನೀರಿನಲ್ಲಿ ಬಿಟ್ಟಾಗ 1.045 ತೋರಿಸಿ, ಹುದುಗು ಮುಗಿದಾಗ 1.010ಕ್ಕೆ ಇಳಿದರೆ, ಆ ಬಿಯರಿನಲ್ಲಿ ಶೇಕಡ 4.6ರಷ್ಟು ಆಲ್ಕೋಹಾಲು ಇದೆಯೆಂದು ಅರ್ಥ. ಸೀಸೆಗೆ ತುಂಬುವಾಗ ಲೀಟರಿಗೆ ಒಂದು ಚಮಚೆಯಷ್ಟು ಸಕ್ಕರೆ ಹಾಕುವುದು ಒಳಗೆ ನೊರೆ ಹುಟ್ಟಲೆಂದು; ಕೈ ತಪ್ಪಿ ಹೆಚ್ಚು ಹಾಕಿದರೆ ಸೀಸೆ ಸಿಡಿದು ಗಾಜು ಗೋಡೆಗೆ ಹಾರುತ್ತದೆ. ಎಲ್ಲಕ್ಕಿಂತ ಮೊದಲ ಪಾಠ ಶುಚಿತ್ವ. ತೊಳೆಯದ ಒಂದು ನಳಿಗೆ ಇಪ್ಪತ್ತು ಲೀಟರು ಬಿಯರನ್ನು ಹುಳಿಗಟ್ಟಿಸಿಬಿಡುತ್ತದೆ. ತೊಳೆಯುವುದು, ಕಾಯುವುದು, ಮೂಸಿ ನೋಡುವುದು, ಬರೆದಿಡುವುದು: ಮನೆಯಲ್ಲಿ ಬಿಯರ್ ಮಾಡುವವನ ದಿನವೆಲ್ಲ ಇದರಲ್ಲೇ ಕಳೆಯುತ್ತದೆ. ನಮ್ಮ ಅಜ್ಜಿಯಂದಿರ ದಿನವೂ ಇದರಲ್ಲೇ ಕಳೆಯುತ್ತಿತ್ತಲ್ಲವೇ?

ಈ ವಿದ್ಯೆ ಮೊದಲಿನಿಂದಲೂ ಮನೆಯದು. ಪ್ರಾಚೀನ ಸುಮೇರಿನ ಜನ ಬಿಯರಿಗೆ ನಿನ್‌ಕಾಸಿ ಎಂಬ ದೇವಿಯನ್ನೇ ಪೂಜಿಸುತ್ತಿದ್ದರು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಿಯರ್ ಕಾಸುತ್ತಿದ್ದವರು ಬಹುಮಟ್ಟಿಗೆ ಗೃಹಿಣಿಯರು, ಮನೆಗೆ ಸಾಕಾಗಿ ಮಿಕ್ಕಿದ್ದನ್ನು ನೆರೆಯವರಿಗೆ ಮಾರುತ್ತಿದ್ದರು. ಆಮೇಲೆ ದೊಡ್ಡ ಕಾರ್ಖಾನೆಗಳು ಬಂದವು, ಅವುಗಳ ಹಿಂದೆಯೇ ಸರಕಾರದ ಸುಂಕವೂ ಬಂತು. 1880ರ ಕಾನೂನಿನಿಂದ ಇಂಗ್ಲೆಂಡಿನಲ್ಲಿ ಮನೆಯ ಬಳಕೆಗೆ ಬಿಯರ್ ಮಾಡುವವರೂ ಪರವಾನಗಿ ಪಡೆಯಬೇಕಾಯಿತು. ಎಂಬತ್ತಕ್ಕೂ ಹೆಚ್ಚು ವರ್ಷ ಅದು ಹಾಗೆಯೇ ನಡೆಯಿತು. ಅಷ್ಟರಲ್ಲಿ ಮನೆಗಳಲ್ಲಿ ಬಲ್ಲವರು ಕಡಿಮೆಯಾದರು. 1963ರ ಮುಂಗಡಪತ್ರದಲ್ಲಿ ಅರ್ಥಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್ ಆ ಪರವಾನಗಿಯನ್ನು ತೆಗೆದುಹಾಕಿದಾಗ ಜನ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ತಾಯಿಯಿಂದ ಮಗಳಿಗೆ ಬರಬೇಕಾದದ್ದನ್ನು ಪುಸ್ತಕ ನೋಡಿ, ಡಬ್ಬಿಯ ಮೇಲಿನ ಸೂಚನೆ ಓದಿ ಕಲಿತರು.

ಅಮೇರಿಕದ ಕಥೆ ಇನ್ನೂ ವಿಚಿತ್ರ. 1920ರಲ್ಲಿ ಅಲ್ಲಿ ದೇಶಕ್ಕೆ ದೇಶವೇ ಪಾನನಿಷೇಧಕ್ಕೆ ಒಳಗಾಯಿತು; 1933ರಲ್ಲಿ ಅದು ತೊಲಗಿತು. ಆದರೆ ಮನೆಯಲ್ಲಿ ದ್ರಾಕ್ಷಾರಸ ಹುದುಗಿಸಲು ಸಿಕ್ಕ ಅನುಮತಿ ಬಿಯರಿಗೆ ಸಿಕ್ಕಲಿಲ್ಲ. ನಲವತ್ತೈದು ವರ್ಷ ಅದು ಕಳ್ಳ ಕೆಲಸವಾಗಿಯೇ ಉಳಿಯಿತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು 1979ರ ಫೆಬ್ರವರಿಯಿಂದ ಜಾರಿಗೆ ಬಂತು: ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನರಿದ್ದರೆ 200 ಗ್ಯಾಲನ್, ಮಾರುವಂತಿಲ್ಲ. ಆದರೂ ಒಂದೊಂದು ರಾಜ್ಯ ಒಪ್ಪಬೇಕಿತ್ತು. ಅಲಬಾಮ, ಮಿಸಿಸಿಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ಚಾರ್ಲಿ ಪಪೇಜಿಯನ್ ಎಂಬವರು 1978ರಲ್ಲಿ ಕೊಲರಾಡೋದ ಬೋಲ್ಡರ್ ಊರಿನಲ್ಲಿ ಮನೆಬಿಯರಿನವರ ಸಂಘವನ್ನೇ ಕಟ್ಟಿದರು. ಕೆನ್ ಗ್ರಾಸ್‌ಮನ್ ಎಂಬ ತರುಣ 1976ರಲ್ಲಿ ಕ್ಯಾಲಿಫೋರ್ನಿಯದ ಚೀಕೊ ಊರಿನಲ್ಲಿ ಮನೆಬಿಯರಿನ ಸಾಮಾನುಗಳ ಅಂಗಡಿ ಇಟ್ಟು, 1980ರಲ್ಲಿ ತನ್ನದೇ ಬಿಯರ್ ಕಾರ್ಖಾನೆ ತೆರೆದ. 1970ರ ದಶಕದ ಕೊನೆಯಲ್ಲಿ ಇಡೀ ಅಮೇರಿಕದಲ್ಲಿ ನೂರು ಬಿಯರ್ ಕಾರ್ಖಾನೆಗಳೂ ಉಳಿದಿರಲಿಲ್ಲ. ಎಲ್ಲ ಕಡೆಯೂ ಒಂದೇ ಬಗೆಯ ತೆಳು ಬಿಯರ್. 2023ರ ಹೊತ್ತಿಗೆ ಅವು 9,000ವನ್ನು ದಾಟಿದ್ದವು. ಅವುಗಳಲ್ಲಿ ಎಷ್ಟೋ ಅಡಿಗೆಮನೆಯ ಹಂಡೆಯಿಂದ ಎದ್ದು ಬಂದವು.

ಇಲ್ಲಿ ವಾಚಕರು ಒಂದನ್ನು ಗಮನಿಸಬೇಕು. ಆ ಜನರಿಂದ ವಿದ್ಯೆಯನ್ನು ಕಾನೂನು ಕಿತ್ತುಕೊಂಡಿತ್ತು. ಅವರು ಹೋರಾಡಿ ಮರಳಿ ಪಡೆದರು. ಪಡೆದ ಮೇಲೂ ಕಲಿಸುವವರಿಲ್ಲದೆ ಪರದಾಡಿದರು. ನಮ್ಮಿಂದ ಯಾವ ಸರಕಾರವೂ ದೋಸೆಹಿಟ್ಟನ್ನು ಕಿತ್ತುಕೊಂಡಿಲ್ಲ, ಉದ್ದು ನೆನೆಹಾಕಬಾರದೆಂದು ಯಾವ ಅಬಕಾರಿ ಅಧಿಕಾರಿಯೂ ಬಾಗಿಲು ಬಡಿದಿಲ್ಲ. ಯಾರೂ ಕೇಳದೆಯೇ ನಾವು ಒಪ್ಪಿಸಿಬಿಟ್ಟಿದ್ದೇವೆ. ಕೊಟ್ಟದ್ದಕ್ಕೆ ಪ್ರತಿಯಾಗಿ ಪೊಟ್ಟಣವನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದೇವೆ!

“ದೋಸೆಹಿಟ್ಟಿಗೂ ಬಿಯರಿಗೂ ಏನು ಸಂಬಂಧ?” ಎಂದು ಮಡಿವಂತರು ಸಿಟ್ಟಾಗಬಹುದು. ಸಂಬಂಧ ಬಹಳ ಹತ್ತಿರದ್ದು. ಎರಡರಲ್ಲೂ ಧಾನ್ಯವನ್ನು ನೆನೆಸಿ, ಕಣ್ಣಿಗೆ ಕಾಣದ ಜೀವಿಗಳಿಗೆ ಒಪ್ಪಿಸಿ, ತಕ್ಕ ಶಾಖದಲ್ಲಿ ಕಾಯುತ್ತೇವೆ. ಬಿಯರಿನವನು ಯೀಸ್ಟನ್ನು ಹೊರಗಿನಿಂದ ಹಾಕುತ್ತಾನೆ. ನಮ್ಮ ಹಿಟ್ಟಿಗೆ ಏನನ್ನೂ ಹಾಕಬೇಕಿಲ್ಲ; ಅಕ್ಕಿಯ, ಉದ್ದಿನ ಮೈಮೇಲೆಯೇ ಸೂಕ್ಷ್ಮಾಣುಗಳು ಬಂದಿರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಲ್ಯೂಕೊನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಇಡ್ಲಿಹಿಟ್ಟನ್ನು ಉಬ್ಬಿಸುವುದರಲ್ಲಿ ಹೆಚ್ಚಿನ ಕೆಲಸ ಯೀಸ್ಟಿನದಲ್ಲ, ಇದರದು ಎಂದು ವಿಜ್ಞಾನಿಗಳು 1960ರ ದಶಕದಲ್ಲೇ ತೋರಿಸಿಕೊಟ್ಟರು. ಅದು ಸಕ್ಕರೆಯನ್ನು ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಅದರ ಜೊತೆಗೆ ಅತ್ಯಲ್ಪ ಆಲ್ಕೋಹಾಲನ್ನೂ ಬಿಡುತ್ತದೆಂದು ತಿಳಿದರೆ ನಮ್ಮ ಮಡಿವಂತರು ದೋಸೆಯನ್ನೂ ಬಿಟ್ಟಾರು! ಗಾಬರಿ ಬೇಡ, ಅದು ಕಾವಲಿಯ ಮೇಲೆ ಆವಿಯಾಗಿ ಹೋಗುತ್ತದೆ.

ಅನಿಲ ಹುಟ್ಟಿದರಷ್ಟೇ ಸಾಲದು, ಅದನ್ನು ಹಿಡಿದಿಡಬೇಕು. ಅದಕ್ಕೇ ಉದ್ದು. ಉದ್ದಿನಲ್ಲಿರುವ ಲೋಳೆಯ ಅಂಶ ಗುಳ್ಳೆಗಳನ್ನು ಬಿಡದೆ ಹಿಡಿಯುತ್ತದೆ. ಕಡಲೆಯನ್ನೋ ಹೆಸರನ್ನೋ ಹಾಕಿ ನೋಡಿದವರಿಗೆ ಉದ್ದಿನ ಬೆಲೆ ಗೊತ್ತು. ಹಿಟ್ಟಿಗೆ ಬೇಕಾದ ಶಾಖ ಸುಮಾರು 30 ಡಿಗ್ರಿ. ಹೀಗಾಗಿ ಮುಂಬಯಿಯ ಸೆಕೆ ಬಿಯರಿಗೆ ಶತ್ರು, ದೋಸೆಹಿಟ್ಟಿಗೆ ಮಿತ್ರ. ದೆಹಲಿಯ ನಮ್ಮ ಬಂಧುಗಳ ಪಾಡು ತಿರುವುಮುರುವು. ಅಲ್ಲಿ ಜನವರಿಯ ರಾತ್ರಿ ಹಿಟ್ಟು ಕಲ್ಲಿನಂತೆ ಕೂತಿರುತ್ತದೆ. ಆಗ ಅಲ್ಲಿನ ತಾಯಂದಿರು ಪಾತ್ರೆಗೆ ಕಂಬಳಿ ಸುತ್ತುತ್ತಾರೆ, ಬಿಸಿನೀರಿನ ಹಂಡೆಯ ಪಕ್ಕದಲ್ಲಿಡುತ್ತಾರೆ, ಒಂದು ಹಿಡಿ ಮೆಂತ್ಯ ಹೆಚ್ಚು ಹಾಕುತ್ತಾರೆ, ಉಪ್ಪನ್ನು ಬೆಳಿಗ್ಗೆ ಹಾಕುತ್ತಾರೆ. ಸಾವಿರಾರು ರೂಪಾಯಿಯ ಉಪಕರಣ ಕೊಂಡು ಶಾಖ ಕಾಯುವ ಅಮೇರಿಕದ ಮಗ ವಿಜ್ಞಾನಿ, ಕಂಬಳಿ ಸುತ್ತಿ ಅದೇ ಕೆಲಸ ಮಾಡಿದ ತಾಯಿ ಬರಿಯ ಅಡಿಗೆಯವಳೋ? ಇದು ಯಾವ ನ್ಯಾಯ?

ರಾಗಿಯ ಮಾತೂ ಹಾಗೆಯೇ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವುದು ನಮ್ಮ ನಾಡು. ಮಗುವಿಗೆ ರಾಗಿ ಸರಿ ಮಾಡುವ ತಾಯಿ ಕಾಳನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ ಜರಡಿ ಹಿಡಿಯುತ್ತಿದ್ದಳು. ಮ್ಯೂನಿಕ್‌ನಲ್ಲಿ ಬಾರ್ಲಿಗೆ ಮಾಡುವುದೂ ಇದನ್ನೇ. ಮೊಳೆತ ರಾಗಿಯ ಕಿಣ್ವ ಗಂಜಿಯನ್ನು ತೆಳುವಾಗಿಸುತ್ತದೆ. ಆದ್ದರಿಂದ ಮಗುವಿನ ಪುಟ್ಟ ಹೊಟ್ಟೆಗೆ ನೀರಿನ ಬದಲು ಹೆಚ್ಚು ಧಾನ್ಯ ಸೇರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ಹೊಗಳಿದರು. ಅದೇ ರಾಗಿಯನ್ನು ಸಿಕ್ಕಿಂ, ಡಾರ್ಜಿಲಿಂಗ್ ಬೆಟ್ಟಗಳಲ್ಲಿ ಬೇಯಿಸಿ, ಮರ್ಚಾ ಎಂಬ ಬಿಲ್ಲೆಯ ಪುಡಿ ಬೆರೆಸಿ ಹುದುಗಿಸುತ್ತಾರೆ. ಬಿದಿರಿನ ಪಾತ್ರೆಗೆ ಹಾಕಿ, ಬಿಸಿನೀರು ಹೊಯ್ದು, ಕೊಳವೆಯಿಂದ ಹೀರುವ ಆ ಪಾನೀಯಕ್ಕೆ ತೊಂಬಾ ಎನ್ನುತ್ತಾರೆ. ಆ ಬಿಲ್ಲೆ ಮಾಡುವ ಗುಟ್ಟು ಅಲ್ಲಿ ಹೆಂಗಸರ ಕೈಯಲ್ಲಿದೆ. ಅವರು ಅದನ್ನು ತಮ್ಮ ಸಂಸ್ಕೃತಿಯೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾವೋ, ಮಗುವಿಗೂ ಡಬ್ಬಿಯ ಪುಡಿ ಕಲಸುತ್ತೇವೆ.

ಹಳೆಯದೆಂಬ ಮಾತ್ರಕ್ಕೆ ಯಾವುದೂ ಪೂಜ್ಯವಲ್ಲ, ಒಪ್ಪಿದೆವು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ ಎಂದು ರಾಜ್ಯೋತ್ಸವದ ಭಾಷಣಗಳಲ್ಲಿ ಎದೆ ತಟ್ಟಿಕೊಳ್ಳುವವರು ನಾವೇ. ಹೆಸರನ್ನು ಉಳಿಸಿಕೊಂಡು ಕೈಗೆಲಸವನ್ನು ಕಳೆದುಕೊಂಡವನಿಗೆ ಎದೆ ತಟ್ಟಿಕೊಳ್ಳುವ ಅಧಿಕಾರವೆಲ್ಲಿಯದು? ಹೊರನಾಡಿನಲ್ಲಿ ನಮ್ಮ ಮಕ್ಕಳಿಗೆ ಲಿಪಿ ಬರುವುದಿಲ್ಲವೆಂದು ತಿಂಗಳಿಗೊಮ್ಮೆ ಅಳುತ್ತೇವೆ. ಅವರಿಗೆ ಹಿಟ್ಟಿನ ಹದವೂ ಬರುವುದಿಲ್ಲವೆಂದು ಯಾರೂ ಅಳುವುದಿಲ್ಲ. ಭಾಷೆ ಹೋಗುವ ದಾರಿಯಲ್ಲೇ ಇದೂ ಹೋಗುತ್ತಿದೆ. ಮೊದಲು ತಿಳಿಯುತ್ತದೆ ಆದರೆ ಮಾಡಲು ಬಾರದು. ಅನಂತರ ರುಚಿ ಮಾತ್ರ ನೆನಪು. ಕೊನೆಗೆ ಅದೂ ಇಲ್ಲ.

ಈಗ ಆಕ್ಷೇಪಗಳಿಗೆ ಬರೋಣ. “ಗಂಡಹೆಂಡಿರಿಬ್ಬರೂ ಬೆಳಿಗ್ಗೆ ಏಳೂಕಾಲರ ಗಾಡಿ ಹಿಡಿಯುವ ಊರಿದು. ರುಬ್ಬಲು ಪುರುಸೊತ್ತೆಲ್ಲಿ?” ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಒರಳುಕಲ್ಲಿನ ಮುಂದೆ ಕೂತು ತೋಳು ಸೋತವರು ನಮ್ಮ ಹೆಂಗಸರು. ಅವರಿಗೆ ಪೊಟ್ಟಣ ಬಿಡುಗಡೆಯಾಗಿ ಕಂಡರೆ ಆ ತಪ್ಪು ಅವರದಲ್ಲ. ಹೊಣೆಯನ್ನು ಹಂಚಿಕೊಳ್ಳದ ಗಂಡಸರದು. ಮನೆಬಿಯರಿನ ಕಥೆಯಿಂದ ಕಲಿಯಬೇಕಾದದ್ದು ಇದನ್ನೇ. ಅಲ್ಲಿ ಆ ಕೆಲಸ ಮರಳಿ ಬಂದಾಗ ಗಂಡಸರು ಅದನ್ನು ಕೈಗೆತ್ತಿಕೊಂಡರು. ಶನಿವಾರದ ಐದಾರು ತಾಸು ಹಂಡೆಯ ಮುಂದೆ ನಿಂತು, ಪಾತ್ರೆಗಳನ್ನು ತಾವೇ ಉಜ್ಜಿ, ಅದನ್ನು ಹವ್ಯಾಸವೆಂದು ಹೆಮ್ಮೆಪಟ್ಟರು. ಅಲ್ಲಿ ಪಾತ್ರೆ ಉಜ್ಜಿ ಇಪ್ಪತ್ತು ಲೀಟರು ಬಿಯರ್ ಕಾಸುವ ಮಗನನ್ನು ಮೆಚ್ಚುವ ತಂದೆ, ಇಲ್ಲಿ ಎರಡು ಲೋಟ ಉದ್ದನ್ನು ತೊಳೆದು ನೆನೆಹಾಕಿದರೆ ಮೀಸೆ ಉದುರಿ ಬೀಳುತ್ತದೆಯೇ? ಕಲ್ಲಿನ ಕಾಲ ಮುಗಿಯಿತು, ಈಗ ವಿದ್ಯುತ್ತು ರುಬ್ಬುತ್ತದೆ. ನೆನೆಹಾಕುವುದಕ್ಕೆ ಐದು ನಿಮಿಷ, ರುಬ್ಬುವುದಕ್ಕೆ ಅರ್ಧ ತಾಸು. ಉಳಿದ ಹತ್ತು ಹನ್ನೆರಡು ತಾಸಿನ ದುಡಿಮೆಯೆಲ್ಲ ಬ್ಯಾಕ್ಟೀರಿಯಾಗಳದು. ಅವು ರಜೆಯನ್ನೂ ಕೇಳುವುದಿಲ್ಲ.

“ಪೊಟ್ಟಣದ ಹಿಟ್ಟೂ ಹುದುಗಿದ ಹಿಟ್ಟೇ ಅಲ್ಲವೇ? ರುಚಿಯಲ್ಲಿ ಏನು ಕೊರತೆ?” ಎಂಬುದು ಎರಡನೆಯ ಆಕ್ಷೇಪ. ಒಳ್ಳೆಯ ಪೊಟ್ಟಣಗಳೂ ಇವೆ, ಸುಳ್ಳು ಹೇಳಲಾರೆವು. ಅವಸರಕ್ಕೆ ಒಂದು ದಿನ ತಂದರೆ ಆಕಾಶ ಬೀಳುವುದಿಲ್ಲ. ಆದರೆ ಪೊಟ್ಟಣ ಎಲ್ಲರ ಮನೆಗೂ ಒಂದೇ ರುಚಿ ಕೊಡುತ್ತದೆ. ಬಯಲುಸೀಮೆಯ ದೋಸೆ, ಕರಾವಳಿಯ ಉದ್ದಿನ ದೋಸೆ, ಮಲೆನಾಡಿನ ಮೆಂತ್ಯದ ದೋಸೆ, ರಾಗಿ ಬೆರೆಸಿದ ದೋಸೆ, ಇವೆಲ್ಲ ಒಂದೇ ಬಿಳಿ ಹಿಟ್ಟಿನಲ್ಲಿ ಕರಗಿಹೋಗುತ್ತವೆ. ನೂರಕ್ಕಿಂತ ಕಡಿಮೆ ಕಾರ್ಖಾನೆಗಳ ಒಂದೇ ತೆಳು ಬಿಯರನ್ನು ದೇಶವೆಲ್ಲ ಕುಡಿದ ಅಮೇರಿಕದಂತೆ ನಾವೂ ಆಗುತ್ತೇವೆ. ಅವರು ಆ ಸ್ಥಿತಿಯಿಂದ ತಪ್ಪಿಸಿಕೊಂಡು ಓಡಿಬಂದ ದಾರಿಯಲ್ಲಿ ನಾವು ಎದುರುಮುಖವಾಗಿ ಓಡುತ್ತಿದ್ದೇವೆ.

ಇನ್ನೊಂದು ನಷ್ಟವಿದೆ, ಅದು ನೆರೆಹೊರೆಯದು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ 1883ರಲ್ಲಿ ಮೊದಲ ಬಾರಿಗೆ ಒಂದೇ ತಳಿಯ ಶುದ್ಧ ಯೀಸ್ಟನ್ನು ಬೇರ್ಪಡಿಸಿದ. ಆ ಕಾರ್ಖಾನೆ ಅದನ್ನು ಬಚ್ಚಿಡದೆ, ಕೇಳಿದ ಇತರ ಕಾರ್ಖಾನೆಗಳಿಗೂ ಹಂಚಿತು. ವಿಜ್ಞಾನದ ಇತಿಹಾಸದಲ್ಲಿ ಅದನ್ನು ಔದಾರ್ಯವೆಂದು ಕೊಂಡಾಡುತ್ತಾರೆ. ನಮ್ಮ ಚಾಳುಗಳಲ್ಲಿ ಅದು ದಿನನಿತ್ಯದ ವ್ಯವಹಾರವಾಗಿತ್ತು. ಹೆಪ್ಪಿಗೆ ಒಂದು ಚಮಚೆ ಮೊಸರು ಕೇಳಿಕೊಂಡು ಪಕ್ಕದ ಕೋಣೆಗೆ ಹೋಗದ ಮನೆ ಯಾವುದಿತ್ತು? ಮಳೆಗಾಲದಲ್ಲಿ ಹಿಟ್ಟು ಏಳದಿದ್ದರೆ ಹಳೆಯ ಹಿಟ್ಟು ಒಂದು ಸೌಟು ಮರಾಠಿ ನೆರೆಯವರ ಮನೆಯಿಂದ ಬಂದದ್ದೂ ಉಂಟು, ನಮ್ಮ ಮನೆಯಿಂದ ತಮಿಳರ ಮನೆಗೆ ಹೋದದ್ದೂ ಉಂಟು. ಪೊಟ್ಟಣ ಬಂದ ಮೇಲೆ ಯಾರ ಬಾಗಿಲನ್ನೂ ಯಾರೂ ತಟ್ಟಬೇಕಾಗಿಲ್ಲ.

ಬರಿಯ ದೂರು ಹೇಳಿ ಕೈತೊಳೆದುಕೊಳ್ಳುವುದು ನಮ್ಮ ಉದ್ದೇಶವಲ್ಲ. ಸಂಘಕ್ಕೆ ಒಂದು ಸೂಚನೆಯಿದೆ. ಈ ಸಲದ ರಾಜ್ಯೋತ್ಸವದ ಉಪಾಹಾರವನ್ನು ಗುತ್ತಿಗೆಗೆ ಕೊಡುವುದು ಬೇಡ. ಹಿಂದಿನ ದಿನ ಮಧ್ಯಾಹ್ನ ಸಭಾಗೃಹದಲ್ಲೇ ಅಕ್ಕಿ ಉದ್ದು ನೆನೆಯಲಿ. ಸಂಜೆ ರುಬ್ಬಲು ಗಂಡಸರೂ ಕಾಲೇಜಿನ ಹುಡುಗರೂ ಬರಲಿ. ಹೇಳಿಕೊಡಲು ನಮ್ಮ ಅಜ್ಜಿಯರು ಕುರ್ಚಿ ಹಾಕಿಕೊಂಡು ಕೂರಲಿ, ಅವರ ಕೈಯಿಂದ ಕೆಲಸ ಮಾಡಿಸುವುದು ಬೇಡ. ವಿಜ್ಞಾನ ಓದುವ ಮಕ್ಕಳು ಉಷ್ಣಮಾಪಕ ತರಲಿ, ಹಿಟ್ಟು ಯಾವ ಗಂಟೆಗೆ ಎಷ್ಟು ಏರಿತೆಂದು ಬರೆದಿಡಲಿ. ಬೀದರಿನ, ಉಡುಪಿಯ, ಮಂಡ್ಯದ ಅಳತೆಗಳನ್ನು ಬೇರೆ ಬೇರೆ ಪಾತ್ರೆಗಳಲ್ಲಿ ಹುದುಗಿಸಿ ನೋಡೋಣ. ಬಂದ ಲೆಕ್ಕವನ್ನು ಈ ಪತ್ರಿಕೆಯಲ್ಲೇ ಅಚ್ಚು ಹಾಕೋಣ. ಒಂದು ಪಾತ್ರೆ ಕೆಟ್ಟರೆ ಏಕೆ ಕೆಟ್ಟಿತೆಂದು ಕಲಿಯೋಣ. ಕೆಡದೆ ಕಲಿತವರು ಯಾರೂ ಇಲ್ಲ, ಬಿಯರಿನವರಲ್ಲೂ ಇಲ್ಲ.

ಆ ಹಿರಿಯ ಸದಸ್ಯರಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಲ ಮಗನೊಡನೆ ಮಾತನಾಡುವಾಗ ಅವನ ಹಂಡೆಯ ವಿಚಾರ ಸಾವಕಾಶವಾಗಿ ಕೇಳಿ. ಅವನು ಮಾಡುತ್ತಿರುವುದು ನಾಚಿಕೆಗೇಡಿನ ಕೆಲಸವಲ್ಲ, ಅವನಿರುವ ನೆಲದಲ್ಲಿ ಅದು ಕಾನೂನಿಗೂ ಒಪ್ಪಿತ. ಕೊನೆಯಲ್ಲಿ ಅವನನ್ನು ಒಂದು ಮಾತು ಕೇಳಿ: ನಿನ್ನ ತಾಯಿಯ ದೋಸೆಹಿಟ್ಟಿನ ಅಳತೆ ನಿನಗೆ ಗೊತ್ತೇ ಎಂದು. ಗೊತ್ತಿಲ್ಲವೆಂದರೆ ಆ ತಾಯಿಯ ಕೈಗೆ ದೂರವಾಣಿ ಕೊಟ್ಟು, ತಾವೂ ಪಕ್ಕದಲ್ಲಿ ಕೂತು ಬರೆದುಕೊಳ್ಳಿ.